ಕೀಬೋರ್ಡಿನ ಅಡಿಯ ಚುಕ್ಕಿ

ನಮ್ಮ ಆಫೀಸಿನಲ್ಲಿ ಅವಳ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಇತ್ತು. ಉಳಿದ ಕಡೆಯೆಲ್ಲ ಅವಳು ಚುಕ್ಕಿ. ಚಿಕ್ಕವರಿಗೆ ಚುಕ್ಕಿ ಅಕ್ಕ, ನನ್ನಂಥ ಹಳಬರಿಗೆ ಬರೀ ಚುಕ್ಕಿ. ಅವಳ ಗಂಡ ಕೂಡ ಆಫೀಸಿಗೆ ಫೋನ್ ಮಾಡಿದರೆ ‘ಚುಕ್ಕಿ ಇದಾಳಾ?’ ಎಂದೇ ಕೇಳುತ್ತಿದ್ದ. ಕೇಳಿ ತಾನೇ ನಗುತ್ತಿದ್ದ.

ನಾವು ಬೆಡ್‌ಶೀಟು, ದಿಂಬಿನ ಚೀಲ, ಪರದೆಗಳ ಮೇಲಿನ ಹೂಬಳ್ಳಿಗಳನ್ನು ಬರೆಯುವವರು. ಬಟ್ಟೆ ನಮ್ಮದಲ್ಲ, ಅಚ್ಚು ಹಾಕುವ ಗಿರಣಿಯೂ ನಮ್ಮದಲ್ಲ. ಕಂಪ್ಯೂಟರಿನಲ್ಲಿ ಚಿತ್ರ ಬರೆದು ಗಿರಣಿಗಳಿಗೆ ಮಾರುತ್ತೇವೆ. ಟೈರ್ ಅಂಗಡಿಯ ಮೇಲಿನ ಎರಡನೇ ಮಹಡಿ, ಹದಿನಾಲ್ಕು ಜನ, ಹನ್ನೊಂದು ಕಂಪ್ಯೂಟರ್. ಕಿಟಕಿ ತೆರೆದರೆ ರಬ್ಬರಿನ ವಾಸನೆ, ಮುಚ್ಚಿದರೆ ಸೆಕೆ. ನನ್ನ ಕೆಲಸ ಬಣ್ಣ ಹೊಂದಿಸುವುದು. ಕಂಪ್ಯೂಟರಿನ ಪರದೆಯ ಮೇಲೆ ಕಾಣುವ ಕೆಂಪೂ ಬಟ್ಟೆಯ ಮೇಲೆ ಇಳಿಯುವ ಕೆಂಪೂ ಒಂದೇ ಆಗಿರಬೇಕು, ಅಷ್ಟೇ. ಈ ಅಷ್ಟೇ ಅನ್ನುವುದಕ್ಕೆ ಹತ್ತೊಂಬತ್ತು ವರ್ಷದಿಂದ ಕಣ್ಣು ಸವೆಸಿದ್ದೇನೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲೂ ಹೇಳುತ್ತಾರೆ, ಆಫೀಸಿನಲ್ಲೂ ಹೇಳುತ್ತಾರೆ. ಇದನ್ನು ಬರೆಯುವಾಗಲೂ ಅದು ಅಲ್ಲೇ ಇದೆ.

ಇಪ್ಪತ್ತಾರು ವರ್ಷದ ಹಿಂದೆ ಇದೆಲ್ಲ ಒಂದೇ ಕೋಣೆ, ಒಂದೇ ಕಂಪ್ಯೂಟರ್, ಇಬ್ಬರು ಹೆಂಗಸರು. ಒಬ್ಬರು ಚಿತ್ರ ಬರೆಯುತ್ತಿದ್ದ ನಮ್ಮ ಯಜಮಾನಿ. ಇನ್ನೊಬ್ಬಳು ಫೋನ್ ಎತ್ತಿ, ಕಸ ಗುಡಿಸಿ, ಚಹಾ ತರುತ್ತಿದ್ದ ಚುಕ್ಕಿ. ಆಗ ಅವಳಿಗೆ ಇಪ್ಪತ್ತೆರಡು. ಒಂದು ದಿನ ಆ ಒಂದೇ ಕಂಪ್ಯೂಟರ್ ಮಲಗಿತು. ರಿಪೇರಿಯವನು ‘ನಾಳೆ ಬರ್ತೀನಿ’ ಎಂದು ಮೂರು ನಾಳೆಗಳನ್ನು ಕಳೆದ. ನಾಲ್ಕನೇ ದಿನ ಗಿರಣಿಯವರಿಗೆ ಚಿತ್ರ ಕೊಡಬೇಕಿತ್ತು. ಯಜಮಾನಿ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ, ಚುಕ್ಕಿ ಸ್ಕ್ರೂ ಬಿಚ್ಚಿ, ಒಳಗಿನ ಧೂಳು ಊದಿ, ಮೆಮೊರಿಯ ಪಟ್ಟಿಯನ್ನು ಎಳೆದು, ಅದರ ಹಳದಿ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಮತ್ತೆ ಒತ್ತಿ ಕೂರಿಸಿದಳು. ಹಿಂದೊಮ್ಮೆ ರಿಪೇರಿಯವನು ಹಾಗೆ ಮಾಡುವುದನ್ನು ಚಹಾ ಲೋಟ ಹಿಡಿದು ನೋಡಿದ್ದಳಂತೆ. ಕಂಪ್ಯೂಟರ್ ಎದ್ದು ಕೂತಿತು. ಯಜಮಾನಿ ಅವಳನ್ನು ತಬ್ಬಿಕೊಂಡು ಅತ್ತರಂತೆ. ಅವತ್ತಿನಿಂದ ಚುಕ್ಕಿ ಅವರನ್ನು ‘ಅಕ್ಕ’ ಎಂದಳು. ನಾವೆಲ್ಲ ‘ಮೇಡಂ’ ಎನ್ನುತ್ತೇವೆ. ಅಕ್ಕ ಎನ್ನುವ ಹಕ್ಕು ಅವಳೊಬ್ಬಳಿಗೇ ಇತ್ತು. ನಾವ್ಯಾರೂ ಅದಕ್ಕೆ ಹೊಟ್ಟೆಕಿಚ್ಚು ಪಡಲಿಲ್ಲ, ಅವಳು ಅದನ್ನು ದುಡಿದು ಪಡೆದಿದ್ದಳು.

ಆಮೇಲೆ ನಮ್ಮಲ್ಲಿಗೆ ಬಂದ ಪ್ರತಿಯೊಂದು ಯಂತ್ರವನ್ನೂ ಆರಿಸಿದವಳು ಅವಳೇ. ಅವಳು ಆರಿಸುವ ರೀತಿಯನ್ನು ಕಂಡು ಹೊರಗಿನವರು ನಗುತ್ತಿದ್ದರು. ಮಾರಾಟಗಾರರು ಹೊಳೆಯುವ ಕಾಗದಗಳನ್ನು ತಂದು ಹರಡಿದರೆ, ಅವಳು ಅದರ ಮೇಲೆ ಚಹಾ ಲೋಟ ಇಟ್ಟುಕೊಂಡು ‘ಆಮೇಲೆ ನೋಡೋಣ’ ಎನ್ನುತ್ತಿದ್ದಳು. ಅವಳ ಹತ್ತಿರ ಒಂದು ನೋಟುಬುಕ್ಕಿತ್ತು. ಅದಕ್ಕೆ ನಾನು ಇಟ್ಟ ಹೆಸರು ಕಾಯುವ ಪುಸ್ತಕ. ಹೊಸ ಯಂತ್ರ ಬೇಕು ಎಂದು ಯಾರಾದರೂ ಗೋಳಾಡಿದರೆ ಅವಳು ಒಂದು ದಿನ ಪೂರ್ತಿ ಅವರ ಬೆನ್ನ ಹಿಂದೆ ಸ್ಟೂಲ್ ಹಾಕಿ ಕೂರುತ್ತಿದ್ದಳು. ಅವರ ಕೈ ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಕಾಯುವಾಗ ಏನು ಮಾಡುತ್ತಾರೆ, ಎಲ್ಲ ಬರೆಯುತ್ತಿದ್ದಳು. ‘ಫೈಲು ತೆರೆಯಲು ನಲವತ್ತು ಸೆಕೆಂಡ್, ಉಗುರು ಕಚ್ಚಿದ. ಉಳಿಸಲು ಒಂದು ನಿಮಿಷ, ನೀರು ಕುಡಿಯಲು ಹೋದ. ನೀರು ಕುಡಿದು ಬರಲು ಹದಿನೈದು ನಿಮಿಷ, ಇದು ಕಂಪ್ಯೂಟರಿನ ತಪ್ಪಲ್ಲ.’ ಸಂಜೆ ತೀರ್ಪು ಹೊರಬೀಳುತ್ತಿತ್ತು. ಇವನಿಗೆ ಮೆಮೊರಿ ಹೆಚ್ಚಿಸಿದರೆ ಸಾಕು, ಇವಳಿಗೆ ಡಿಸ್ಕ್ ಬದಲಿಸಬೇಕು, ಇವನಿಗೆ ಫ್ಯಾನಿನ ಧೂಳು ತೆಗೆದರೆ ಇನ್ನೆರಡು ವರ್ಷ ಓಡುತ್ತದೆ, ಇವಳಿಗೆ ಮಾತ್ರ ಹೊಸದು. ಯಾರೂ ಎದುರು ಮಾತಾಡುತ್ತಿರಲಿಲ್ಲ. ಪುಸ್ತಕದಲ್ಲಿ ನಮ್ಮ ಬಂಡವಾಳವೆಲ್ಲ ಬಯಲಾಗಿತ್ತಲ್ಲ.

ಇನ್ನು ಅವಳಿಗೆ ಆ ಹೆಸರು ತಂದ ಚುಕ್ಕಿಯ ವಿಷಯ. ನಮ್ಮ ಧಂದೆಯಲ್ಲಿ ಕದಿಯುವುದಕ್ಕೆ ಇರುವುದು ಚಿತ್ರ ಒಂದೇ. ಮುಂದಿನ ವರ್ಷದ ಹೂಬಳ್ಳಿ ಬೇರೆಯವರ ಕೈಗೆ ಸಿಕ್ಕಿತೆಂದರೆ ನಾವು ವರ್ಷವಿಡೀ ಕೈ ಚೆಲ್ಲಿ ಕೂರಬೇಕು. ಅದಕ್ಕೇ ಯಾರೂ ತನ್ನ ಕಣ್ಣು ತಪ್ಪಿಸಿ ಯಂತ್ರ ಬಿಚ್ಚಬಾರದು ಎಂದು ಅವಳ ಹಟ. ಅವಳ ಮಗಳು ಒಂದು ಸಲ ಬೇಡವೆಂದು ಬಿಸಾಕಿದ ಉಗುರುಬಣ್ಣದ ಸೀಸೆ ಅವಳ ಕೈಗೆ ಸಿಕ್ಕಿತು. ನೇರಳೆ ಬಣ್ಣ, ಒಳಗೆ ಬೆಳ್ಳಿಯ ಮಿನುಗು ಪುಡಿ. ಅದರಿಂದ ಪ್ರತಿ ಯಂತ್ರದ ಪ್ರತಿ ಸ್ಕ್ರೂ ತಲೆಯ ಮೇಲೂ ಒಂದೊಂದು ಚುಕ್ಕಿ ಇಟ್ಟಳು. ಕೊನೆಗೆ ಕೀಬೋರ್ಡುಗಳನ್ನೂ ಮಗುಚಿ ಹಾಕಿ ಅವುಗಳ ಅಡಿಯ ಸ್ಕ್ರೂಗಳಿಗೂ ಇಟ್ಟಳು. ‘ನನ್ನ ಹಣೆಗೂ ಒಂದು ಇಡಮ್ಮಾ, ನನ್ನ ತಲೇನೂ ಯಾರೋ ಬಿಚ್ತಾ ಇರ್ತಾರೆ’ ಎಂದು ನಾನು ಗೇಲಿ ಮಾಡಿದ್ದೆ.

‘ಅಣ್ಣ, ನಿಮ್ಮ ತಲೆಯಲ್ಲಿ ಕದಿಯೋಕೆ ಏನಿದೆ?’ ಎಂದಳು.

ಮಿನುಗು ಪುಡಿಯ ಗುಟ್ಟು ಏನೆಂದರೆ, ಅದು ಒಂದು ಸಲ ಬಿದ್ದ ಹಾಗೆ ಇನ್ನೊಂದು ಸಲ ಬೀಳುವುದಿಲ್ಲ. ಅವಳು ಪ್ರತಿ ಚುಕ್ಕಿಯ ಫೋಟೊ ಹತ್ತಿರದಿಂದ ತೆಗೆದಿಡುತ್ತಿದ್ದಳು. ಪ್ರತಿ ತಿಂಗಳ ಮೊದಲ ಶನಿವಾರ ಫೋಟೊವನ್ನೂ ಚುಕ್ಕಿಯನ್ನೂ ಹೋಲಿಸುತ್ತಿದ್ದಳು. ಯಾರಾದರೂ ಸ್ಕ್ರೂ ಬಿಚ್ಚಿ, ಅದೇ ಬಣ್ಣದ ಚುಕ್ಕಿಯನ್ನೇ ಮತ್ತೆ ಇಟ್ಟರೂ ಮಿನುಗು ಬೇರೆ ಜಾಗದಲ್ಲಿ ಕೂತಿರುತ್ತದೆ. ಹೋಲಿಸುವಾಗ ಮೊದಲು ತನ್ನ ಯಂತ್ರ, ಆಮೇಲೆ ನಮ್ಮದು. ‘ಅನುಮಾನ ನನ್ನಿಂದಲೇ ಶುರುವಾಗ್ಲಿ’ ಎನ್ನುತ್ತಿದ್ದಳು. ಹಳೆಯ ಯಂತ್ರ ಹೊರಗೆ ಹೋಗುವಾಗ ಅದರ ಡಿಸ್ಕನ್ನು ಕಿತ್ತು, ಡ್ರಿಲ್ ಹಿಡಿದು ಮೂರು ತೂತು ಕೊರೆದು, ಒಂದು ತಗಡಿನ ಡಬ್ಬಿಗೆ ಹಾಕುವುದು ಇನ್ನೊಂದು ನಿಯಮ. ಒಂದು ತೂತು ಸಾಲದೇ ಎಂದರೆ ಸಾಲದು ಎನ್ನುತ್ತಿದ್ದಳು. ಅವಳ ಗಂಡ ಬೀಗ ರಿಪೇರಿಯವನು. ಕೀಲಿ ಕಳೆದುಕೊಂಡವರ ಮನೆ ಬಾಗಿಲು ತೆಗೆದುಕೊಟ್ಟು ಬದುಕುವವನು. ‘ನಿಮ್ಮ ಮನೇಲಿ ಒಬ್ಬರು ತೆಗೆಯೋರು, ಒಬ್ಬರು ಹಾಕೋರು’ ಎಂದು ನಾವು ರೇಗಿಸುತ್ತಿದ್ದೆವು. ಈ ತಮಾಷೆಯೇ ಮುಂದೆ ಅವಳ ಕೊರಳಿಗೆ ಸುತ್ತಿಕೊಳ್ಳುತ್ತದೆ ಎಂದು ಯಾರು ಎಣಿಸಿದ್ದರು.

ಆ ಉಗುರುಬಣ್ಣ ಮಾರುಕಟ್ಟೆಯಲ್ಲಿ ನಿಂತುಹೋಗುತ್ತದೆ ಎಂದು ಗೊತ್ತಾದಾಗ ಚುಕ್ಕಿ ಕೊನೆಯ ಎರಡು ಸೀಸೆ ಕೊಂಡು ತಂದಳು. ಒಂದು ತನ್ನ ಡ್ರಾಯರಿಗೆ. ಇನ್ನೊಂದನ್ನು ಹತ್ತಿಯಲ್ಲಿ ಸುತ್ತಿ, ದಪ್ಪ ಲಕೋಟೆಯಲ್ಲಿ ಹಾಕಿ, ಅಂಟಿಸಿ ಯಜಮಾನಿಗೆ ಕೊಟ್ಟಳು. ಜೊತೆಗೆ ಫೋಟೊಗಳ ಪಾಸ್‌ವರ್ಡ್ ಬರೆದ ಒಂದು ಚೀಟಿ. ‘ಅಕ್ಕ, ಇದರಲ್ಲಿ ಏನಿದೆ ಅಂತ ಈಗ ಕೇಳಬೇಡಿ. ನಾಳೆ ನಾನಿಲ್ಲದೆ ಹೋದ್ರೆ ತೆರೀರಿ. ಅಲ್ಲಿವರೆಗೂ ಯಾರಿಗೂ ತೋರಿಸಬೇಡಿ’ ಎಂದಳು. ಲಕೋಟೆ ಕಟ್ಟುವಾಗ ನಾನು ಅಲ್ಲೇ ಇದ್ದೆ, ನಮ್ಮಿಬ್ಬರನ್ನು ಬಿಟ್ಟರೆ ಅದರಲ್ಲಿ ಏನಿದೆ ಎಂದು ಇನ್ಯಾರಿಗೂ ಗೊತ್ತಿರಲಿಲ್ಲ. ಯಜಮಾನಿ ನಕ್ಕು, ‘ನೀನೆಲ್ಲಿಗೆ ಹೋಗ್ತೀಯೇ, ನನ್ನ ಕಳಿಸಿಯೇ ಹೋಗೋಳು ನೀನು’ ಎಂದು ಅದನ್ನು ಬೀರುವಿನಲ್ಲಿಟ್ಟರು.

ಇಷ್ಟು ಹೇಳಿದ ಮೇಲೆ ಆದದ್ದನ್ನು ಹೇಳುತ್ತೇನೆ.

ಈ ವರ್ಷ ನಮ್ಮ ಐದು ಹೊಸ ಚಿತ್ರಗಳು ನಾವು ಮಾರುವ ಮೊದಲೇ ಬೇರೆಯವರ ಬೆಡ್‌ಶೀಟಿನ ಮೇಲೆ ಅಂಗಡಿಗೆ ಬಂದವು. ಹೂ, ಬಳ್ಳಿ, ಮೂಲೆಯ ಹಕ್ಕಿ, ಎಲ್ಲ ನಮ್ಮದೇ. ನಮ್ಮ ದೊಡ್ಡ ಗಿರಾಕಿ ಗಿರಣಿಯವರು ಕೂಡಲೇ ಹೇಳಿಬಿಟ್ಟರು, ‘ಮೊದಲು ನಿಮ್ಮ ಯಂತ್ರಗಳನ್ನ ಭದ್ರ ಮಾಡ್ಕೊಳ್ಳಿ, ಆಮೇಲೆ ಮುಂದಿನ ವರ್ಷದ ಮಾತು.’ ಯಜಮಾನಿ ಚುಕ್ಕಿಯನ್ನು ಕರೆದು ಎರಡು ತಿಂಗಳು ಕೊಟ್ಟರು. ಏನು ಬದಲಿಸಬೇಕು, ಏನು ಉಳಿಸಬೇಕು, ಹೇಗೆ ಬೀಗ ಹಾಕಬೇಕು ಎಂದು ಪಟ್ಟಿ ಮಾಡಿ ಕೊಡುವುದು. ಅವಳು ಸ್ಟೂಲ್ ಎತ್ತಿಕೊಂಡು ಮತ್ತೆ ನಮ್ಮ ಬೆನ್ನ ಹಿಂದೆ ಕೂತಳು.

ನಾನು ಅಂಗಡಿಗೆ ಹೋಗಿ ಆ ಬೆಡ್‌ಶೀಟು ಒಂದನ್ನು ಕೊಂಡುತಂದೆ. ಹಾಳು ಕುತೂಹಲ. ಮನೆಯಲ್ಲಿ ಮಂಚದ ಮೇಲೆ ಹರಡಿ ನೋಡಿದೆ. ಹಕ್ಕಿಯ ಕಾಲ ಕೆಳಗಿನ ಎಲೆಗೆ ಹಸಿರು ತಪ್ಪಾಗಿತ್ತು. ಹಳದಿ ಹೆಚ್ಚಾಗಿ ಬಾಡಿದ ಹಾಗಿತ್ತು. ಆ ತಪ್ಪು ನನ್ನದು. ಮೊದಲ ಪ್ರತಿಯಲ್ಲಿ ನಾನು ಆ ಎಲೆಗೆ ಹಾಗೇ ಬಣ್ಣ ಕೊಟ್ಟಿದ್ದೆ. ಒಂದು ವಾರದ ಮೇಲೆ ಕಣ್ಣಿಗೆ ಬಿದ್ದು, ನಾಚಿಕೆಯಾಗಿ, ಎಲ್ಲ ಯಂತ್ರಗಳಲ್ಲೂ ತಿದ್ದಿದ್ದೆ. ತಿದ್ದದ ಪ್ರತಿ ಉಳಿದದ್ದು ಒಂದೇ ಕಡೆ. ಆ ವಾರ ಯಾರಿಗೋ ತೋರಿಸಲು ಯಜಮಾನಿ ಅದೂ ಸೇರಿ ಐದೂ ಚಿತ್ರಗಳನ್ನು ತಮ್ಮ ಲ್ಯಾಪ್‌ಟಾಪಿಗೆ ಹಾಕಿಕೊಂಡು ಹೋಗಿದ್ದರು. ಮರು ತಿಂಗಳು ಅವರು ಹೊಸದನ್ನು ಕೊಂಡು, ಆ ಹಳೆಯದನ್ನು ತಮ್ಮನಿಗೆ ಕೊಟ್ಟಿದ್ದರು.

ಆ ತಮ್ಮನ ಬಗ್ಗೆ ಹೇಳಬೇಕು. ಯಾವ ಕೆಲಸವೂ ಇಲ್ಲದೆ ಎಲ್ಲ ಕೆಲಸದ ಬಗ್ಗೆಯೂ ಸಲಹೆ ಕೊಡುವವನು. ನಾವು ಅವನಿಗೆ ಸಲಹೆಗಾರ ಎಂದೇ ಹೆಸರಿಟ್ಟಿದ್ದೆವು. ಯಜಮಾನಿಯ ಕೋಣೆಯಲ್ಲಿ ಎದುರಿನ ಕುರ್ಚಿ ಅವನದು. ಕೊಟ್ಟ ಲ್ಯಾಪ್‌ಟಾಪನ್ನು ತಿಂಗಳೊಳಗೆ ಯಾರಿಗೋ ಮಾರಿದ್ದ ಎಂದು ಅವನೇ ಒಮ್ಮೆ ಜಂಬದಿಂದ ಹೇಳಿಕೊಂಡಿದ್ದ, ಒಳ್ಳೆ ಬೆಲೆ ಬಂತಂತೆ.

ಮರುದಿನ ನಾನು ಬೆಡ್‌ಶೀಟನ್ನು ಚೀಲದಲ್ಲಿ ತುರುಕಿಕೊಂಡು ಹೋಗಿ ಚುಕ್ಕಿಗೆ ತೋರಿಸಿದೆ. ಅವಳು ಎಲೆಯನ್ನು ನೋಡಿದಳು, ತಗಡಿನ ಡಬ್ಬಿಯನ್ನು ತೆಗೆದು ತೂತು ಬಿದ್ದ ಡಿಸ್ಕುಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ಯಜಮಾನಿಯ ಲ್ಯಾಪ್‌ಟಾಪಿನದು ಇರಲಿಲ್ಲ.

‘ಅವತ್ತೇ ಕೇಳಿದ್ದೆ ಅಣ್ಣ’ ಎಂದಳು. ‘ಡಿಸ್ಕ್ ಕಿತ್ಕೊಂಡು ಕೊಡ್ತೀನಿ ಅಂದೆ. ಅದು ನನ್ನ ಸ್ವಂತದ್ದು ಕಣೇ, ಅದಕ್ಕೇನು ತೂತು ಅಂದ್ರು. ನಾನೂ ಸುಮ್ಮನಾದೆ. ಸುಮ್ಮನಾಗಬಾರದಿತ್ತು.’

‘ಈಗಲೇ ಹೋಗಿ ಹೇಳು. ಇಲ್ಲಾಂದ್ರೆ ನಾನೇ ಹೇಳ್ತೀನಿ.’

‘ಬೇಡ. ಈಗ ಹೇಳಿದ್ರೆ ಅಕ್ಕ ಕುಸಿದು ಹೋಗ್ತಾರೆ. ತನ್ನಿಂದಲೇ ಆಯ್ತು ಅಂತ ಗೊತ್ತಾದ್ರೆ ಗಿರಣಿಯವರ ಎದುರು ಹೇಗೆ ಕೂರ್ತಾರೆ? ಹೊಸ ಯಂತ್ರದ ಪಟ್ಟಿಗೆ ಸಹಿ ಹಾಕ್ಲಿ. ಅವತ್ತು ಅವರೊಬ್ಬರೇ ಇರುವಾಗ ನಾನೇ ನಿಧಾನವಾಗಿ ಹೇಳ್ತೀನಿ. ಅಲ್ಲಿವರೆಗೂ ನಿಮ್ಮ ಬಾಯಿಗೆ ಬೀಗ ಇರಲಿ.’

‘ನಿನ್ನ ಗಂಡನಿಗೆ ಹೇಳಿ ಒಂದು ಬೀಗ ತರಿಸು ಹಾಗಾದ್ರೆ’ ಎಂದೆ. ಬಾಯಿ ಮುಚ್ಚಿಕೊಂಡಿದ್ದೆ. ಈಗ ಯೋಚಿಸಿದರೆ ನನ್ನ ಜೀವನದಲ್ಲಿ ಮುಚ್ಚಿಕೊಳ್ಳಬಾರದಿದ್ದ ಹೊತ್ತಿನಲ್ಲಿ ಮಾತ್ರ ನಾನು ಬಾಯಿ ಮುಚ್ಚಿಕೊಂಡಿದ್ದೇನೆ.

ಪಟ್ಟಿ ತಯಾರಾಯಿತು. ಆರು ಹೊಸ ಯಂತ್ರ, ಐದಕ್ಕೆ ಮೆಮೊರಿ ಮತ್ತು ಡಿಸ್ಕ್ ಮಾತ್ರ. ನನ್ನ ಮೇಜಿಗೆ ಬಣ್ಣ ಸುಳ್ಳು ಹೇಳದ ಒಂದು ಒಳ್ಳೆಯ ಪರದೆ. ಎಲ್ಲ ಚಿತ್ರಗಳೂ ಒಂದೇ ದೊಡ್ಡ ಯಂತ್ರದಲ್ಲಿ, ಅದಕ್ಕೊಂದು ಕಬ್ಬಿಣದ ಪಂಜರ, ಎರಡು ಬೀಗ, ಎರಡು ಕೀಲಿ ಬೇರೆ ಬೇರೆಯವರ ಕೈಯಲ್ಲಿ. ಇಬ್ಬರೂ ಬಂದರೆ ಮಾತ್ರ ತೆರೆಯಬೇಕು. ಯಜಮಾನಿ ಅದನ್ನು ತೆಗೆದುಕೊಂಡು ‘ನೋಡ್ತೀನಿ’ ಎಂದರು. ಅಷ್ಟೇ. ಒಂದು ವಾರವಾಯಿತು, ಎರಡು ವಾರವಾಯಿತು. ಮೊದಲಾದರೆ ಅವಳ ಪಟ್ಟಿಯನ್ನು ಓದದೆಯೇ ಸಹಿ ಹಾಕುತ್ತಿದ್ದವರು ಈಗ ಅವಳು ಕೋಣೆಗೆ ಹೋದರೆ ಫೋನ್ ಎತ್ತಿಕೊಳ್ಳುತ್ತಿದ್ದರು. ಚುಕ್ಕಿ ಇದನ್ನು ಚಿಂತೆ ಎಂದುಕೊಂಡಳು. ‘ಅಕ್ಕನಿಗೆ ನಿದ್ದೆ ಇಲ್ಲ ಅನ್ಸುತ್ತೆ’ ಎಂದು ನನ್ನ ಹತ್ತಿರ ಮರುಗಿದಳು.

ಮುಂದಿನ ತಿಂಗಳ ಮೊದಲ ಶನಿವಾರ ಬಂತು. ಅರ್ಧ ದಿನದ ಕೆಲಸ ಮುಗಿದು ಎಲ್ಲರೂ ಹೋದ ಮೇಲೆ ಅವಳು ಫೋಟೊ ಹಿಡಿದು ಹೊರಟಳು. ಮೊದಲು ತನ್ನ ಯಂತ್ರ. ಅದು ಸರಿಯಿತ್ತು. ಆಮೇಲೆ ತನ್ನ ಕೀಬೋರ್ಡನ್ನು ಮಗುಚಿದಳು. ಸ್ವಲ್ಪ ಹೊತ್ತಿನ ಮೇಲೆ ‘ಅಣ್ಣ, ಇಲ್ಲಿ ಬನ್ನಿ’ ಎಂದಳು. ದನಿ ಬೇರೆಯಾಗಿತ್ತು.

ನಾಲ್ಕು ಸ್ಕ್ರೂಗಳ ಮೇಲೂ ಚುಕ್ಕಿ ಇತ್ತು. ಆದರೆ ಮಿನುಗು ಫೋಟೊದಲ್ಲಿದ್ದ ಜಾಗದಲ್ಲಿ ಇರಲಿಲ್ಲ. ಅವಳು ಸ್ಕ್ರೂ ಬಿಚ್ಚಿ ಕೆಳಗಿನ ಮುಚ್ಚಳ ಎತ್ತಿದಳು. ಒಳಗೆ ತಂತಿ ಬಂದು ಸೇರುವ ಕಡೆ ಬೆರಳಿನ ಉಗುರಿನಷ್ಟು ಒಂದು ತುಣುಕನ್ನು ಯಾರೋ ಬೆಸೆದಿದ್ದರು. ‘ಇದು ಒತ್ತಿದ ಪ್ರತಿ ಕೀಲಿಯನ್ನೂ ಬರೆದಿಟ್ಕೊಳ್ಳುತ್ತೆ ಅಣ್ಣ. ಪಾಸ್‌ವರ್ಡು, ಪತ್ರ, ಎಲ್ಲ. ಆಮೇಲೆ ಯಾರೋ ಬಂದು ತೆಗೆದು ಓದ್ತಾರೆ’ ಎಂದಳು. ಹೇಳುವಾಗ ಅವಳ ಮುಖ ಬೆಳಗಿತ್ತು, ಅದನ್ನು ನಾನು ಮರೆಯಲಾರೆ. ಇಷ್ಟು ವರ್ಷ ಎಲ್ಲರೂ ನಕ್ಕ ಆ ಚುಕ್ಕಿ ಕೊನೆಗೂ ಒಬ್ಬ ಕಳ್ಳನನ್ನು ಹಿಡಿದಿತ್ತು.

ಉಳಿದ ಹತ್ತು ಕೀಬೋರ್ಡುಗಳನ್ನೂ ನಾವಿಬ್ಬರೂ ಮಗುಚಿ ನೋಡಿದೆವು. ಎಲ್ಲ ಸರಿಯಿದ್ದವು. ನಾನು ಮತ್ತೆ ಅವಳ ಕೀಬೋರ್ಡನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ. ಬಣ್ಣ ನೋಡುವುದು ನನ್ನ ಚಾಳಿ, ಹುಣ್ಣಾದರೂ ಬಣ್ಣ ನೋಡುತ್ತೇನೆ. ಅವಳ ಡ್ರಾಯರಿನ ಸೀಸೆ ತಳ ಕಂಡು, ಗಟ್ಟಿಯಾಗಿ, ತೆಳು ಮಾಡಲು ದ್ರವ ಹಾಕಿ ಹಾಕಿ ಅದರ ನೇರಳೆ ಬಿಳಿಚಿಕೊಂಡಿತ್ತು. ಮಿನುಗೂ ಅಲ್ಲೊಂದು ಇಲ್ಲೊಂದು. ಈ ನಾಲ್ಕು ಚುಕ್ಕಿಗಳು ಮಾತ್ರ ಕಡು ನೇರಳೆ, ಮಿನುಗು ತುಂಬಿ ತುಳುಕುತ್ತಿತ್ತು.

‘ಇದು ನಿನ್ನ ಸೀಸೆಯದಲ್ಲ’ ಎಂದೆ. ‘ಇದು ಹೊಸ ಸೀಸೆ, ಆಗ ತಾನೇ ಒಡೆದಿದ್ದು. ಇಂಥ ಸೀಸೆ ಇನ್ನೊಂದು ಇರೋದು…’

ಅಲ್ಲಿಗೆ ನಿಲ್ಲಿಸಿದೆ, ಆದರೆ ತಡವಾಗಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಮುಖದ ಬೆಳಕು ಹಾಗೇ ಇಳಿದುಹೋಯಿತು.

‘ಬೀರುವಿನಿಂದ ಯಾರೋ ಕದ್ದಿರಬೇಕು’ ಎಂದಳು. ‘ಅಕ್ಕನಿಗೆ ಹೇಳ್ಬೇಕು.’

ಯಜಮಾನಿ ಇನ್ನೂ ಕೋಣೆಯಲ್ಲಿದ್ದರು. ಸಲಹೆಗಾರನೂ ತನ್ನ ಕುರ್ಚಿಯಲ್ಲಿದ್ದ. ನಾನು ಬಾಗಿಲಲ್ಲೇ ನಿಂತೆ. ಚುಕ್ಕಿ ಕೀಬೋರ್ಡನ್ನು ಮೇಜಿನ ಮೇಲೆ ಮಗುಚಿ ಇಟ್ಟು, ‘ಅಕ್ಕ, ಯಾರೋ ನನ್ನ ಕೀಬೋರ್ಡ್ ಬಿಚ್ಚಿ ಕದ್ದು ಓದೋ ತುಣುಕು ಹಾಕಿದಾರೆ. ನಾನು ನಿಮಗೆ ಕೊಟ್ಟಿದ್ದ ಲಕೋಟೆ ಇದೆಯಲ್ಲ, ಅದನ್ನೊಂದ್ಸಲ ತೆಗೀರಿ, ಅದು ಭದ್ರವಾಗಿದೆಯಾ ನೋಡ್ಬೇಕು’ ಎಂದಳು.

ಯಜಮಾನಿ ಬೀರುವಿನ ಕಡೆ ತಿರುಗಲಿಲ್ಲ. ಮೇಜಿನ ಮೇಲಿನ ಪೆನ್ನನ್ನು ಎತ್ತಿ ಬೇರೆ ಕಡೆ ಇಟ್ಟರು. ‘ಎಲ್ಲೋ ಇರ್ಬೇಕು. ಸೋಮವಾರ ನೋಡೋಣ’ ಎಂದರು.

‘ಈಗಲೇ ನೋಡೋಣ ಅಕ್ಕ.’

ಆಗ ಸಲಹೆಗಾರ ಬಾಯಿ ಬಿಟ್ಟ. ‘ಅದೇನು ಬಂಗಾರವಾ? ಒಂದು ನೇಲ್ ಪಾಲಿಶ್ ಸೀಸೆಗೆ ಇಷ್ಟು ರಂಪ ಯಾಕೆ?’

ಲಕೋಟೆಯಲ್ಲಿ ಏನಿದೆ ಎಂದು ಅವಳು ಯಜಮಾನಿಗೂ ಹೇಳಿರಲಿಲ್ಲ. ತೆರೆದವರಿಗೆ ಮಾತ್ರ ಅದು ಗೊತ್ತಿರಲು ಸಾಧ್ಯ. ಚುಕ್ಕಿ ಅವನ ಕಡೆ ನೋಡಲೇ ಇಲ್ಲ, ಯಜಮಾನಿಯನ್ನೇ ನೋಡುತ್ತ ನಿಂತಳು. ಅವರು ಒಂದು ಸಲ ಕಣ್ಣೆತ್ತಿ ಮತ್ತೆ ಇಳಿಸಿದರು.

‘ತಪ್ಪು ತಿಳ್ಕೋಬೇಡ ಕಣೇ’ ಎಂದರು ಕೊನೆಗೆ. ‘ಇಷ್ಟು ದೊಡ್ಡ ಕಳವು ಆಗಿದೆ. ಎಲ್ಲರದ್ದೂ ನೋಡ್ತಾ ಇದೀವಿ.’

‘ಎಲ್ಲರದ್ದೂ ಅಲ್ಲ ಅಕ್ಕ. ಹನ್ನೊಂದೂ ಮಗುಚಿ ನೋಡ್ದೆ. ನನ್ನದೊಂದೇ.’

‘ಮತ್ತೆ ಇನ್ಯಾರದ್ದು ನೋಡೋದು?’ ಎಂದ ಸಲಹೆಗಾರ. ‘ಎಲ್ಲ ಯಂತ್ರ ಬಿಚ್ಚೋದು ನೀವು. ಎಲ್ಲ ಕೀಲಿ ನಿಮ್ಮ ಹತ್ರ. ಮನೇಲಿ ಗಂಡ ಬೇರೆ ಬೀಗ ತೆಗೆಯೋನು.’

ನನ್ನ ನಾಲಿಗೆಯ ತುದಿಗೆ ಬಂದಿತ್ತು, ನೀನು ಮಾರಿದ ಲ್ಯಾಪ್‌ಟಾಪ್ ಎಲ್ಲಯ್ಯಾ ಎಂದು. ಒಂದು ಹೆಜ್ಜೆ ಒಳಗೂ ಇಟ್ಟಿದ್ದೆ. ಚುಕ್ಕಿ ತಿರುಗದೆಯೇ ಬೆನ್ನ ಹಿಂದೆ ಕೈ ತೋರಿಸಿ ನನ್ನನ್ನು ತಡೆದಳು. ಇಪ್ಪತ್ತಾರು ವರ್ಷ ಜೊತೆಗಿದ್ದವರು ಕೇಳದೆಯೇ ನಂಬಬೇಕಿದ್ದ ಮಾತನ್ನು ಅವನ ಎದುರು ಸಾಕ್ಷಿ ಹಾಕಿ ಹೇಳಲು ಅವಳಿಗೆ ಮನಸ್ಸಿರಲಿಲ್ಲ. ಕೀಬೋರ್ಡನ್ನು ಎತ್ತಿಕೊಂಡು ಹೊರಗೆ ಬಂದಳು.

ತನ್ನ ಮೇಜಿನ ಮುಂದೆ ಕೂತಳು. ನಾನು ಏನೇನೋ ಬಯ್ದೆ, ಇಲ್ಲಿ ಬರೆಯುವಂಥದ್ದಲ್ಲ. ಆಮೇಲೆ ಅವಳು ಕೀಬೋರ್ಡಿನ ಅಡಿಯ ಮುಚ್ಚಳ ಕೂರಿಸಿ ನಾಲ್ಕು ಸ್ಕ್ರೂಗಳನ್ನೂ ಬಿಗಿ ಮಾಡತೊಡಗಿದಳು. ಆ ತುಣುಕು ಒಳಗೇ ಇತ್ತು.

‘ಅದನ್ನ ಕಿತ್ತು ಬಿಸಾಕೋದು ಬಿಟ್ಟು ಏನು ಮಾಡ್ತಿದೀಯ?’ ಎಂದೆ.

‘ನನ್ನ ಕೇಳೋಕೆ ಅವರಿಗೆ ಇಷ್ಟ ಇಲ್ಲ ಅಣ್ಣ. ಕದ್ದು ಓದ್ಬೇಕು ಅಂತಿದಾರೆ. ಕದ್ದೇ ಓದ್ಲಿ.’

ಸ್ಕ್ರೂಗಳ ಮೇಲೆ ಚುಕ್ಕಿ ಇಡಲಿಲ್ಲ. ಯಂತ್ರ ಹಚ್ಚಿ, ಒಂದು ಖಾಲಿ ಪುಟ ತೆರೆದು ಟೈಪ್ ಹೊಡೆಯಲು ಶುರು ಮಾಡಿದಳು. ಆ ತುಣುಕಿಗೆ ಇಂಗ್ಲಿಷ್ ಅಕ್ಷರ ಮಾತ್ರ ತಿಳಿಯುತ್ತದೆ ಎಂದು ನಮ್ಮ ಮಾತನ್ನೇ ಆ ಅಕ್ಷರಗಳಲ್ಲಿ ಹೊಡೆದಳು. ನನ್ನನ್ನು ಹೊರಡಲು ಹೇಳಿದಳು. ನಾನು ಹೋಗಲಿಲ್ಲ. ದೂರದ ನನ್ನ ಮೇಜಿನಲ್ಲಿ ಕೂತು ಕೀಲಿಗಳ ಸದ್ದು ಕೇಳುತ್ತಿದ್ದೆ. ಸುಮಾರು ಒಂದು ಗಂಟೆ ಹೊಡೆದಳು. ಮುಗಿದ ಮೇಲೆ ಆ ಪುಟವನ್ನು ಉಳಿಸದೆ ಮುಚ್ಚಿದಳು. ಕಾಯುವ ಪುಸ್ತಕ, ಡ್ರಿಲ್, ತಗಡಿನ ಡಬ್ಬಿ ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿಟ್ಟು, ಕೀಲಿಗೊಂಚಲನ್ನು ಅದರ ಮೇಲಿಟ್ಟಳು. ಊಟದ ಡಬ್ಬಿ ಮತ್ತು ತಳ ಕಂಡ ಸೀಸೆ ಮಾತ್ರ ಅವಳ ಚೀಲಕ್ಕೆ ಹೋದವು.

‘ಸೋಮವಾರ ಬರ್ತೀಯ ತಾನೆ?’ ಎಂದೆ.

‘ನೀವು ಕಣ್ಣಿಗೆ ಹನಿ ಹಾಕ್ಕೊಳ್ಳೋದು ಮರೀಬೇಡಿ ಅಣ್ಣ’ ಎಂದಳು. ಮೆಟ್ಟಿಲಿಳಿದು ಹೋದಳು. ಸೋಮವಾರ ಬರಲಿಲ್ಲ.

ಮಂಗಳವಾರ ಯಜಮಾನಿ ನನ್ನನ್ನು ಕರೆದರು. ಅಂದು ಎದುರಿನ ಕುರ್ಚಿ ಖಾಲಿಯಿತ್ತು. ಮೇಜಿನ ಮೇಲೆ ನಾಲ್ಕು ಹಾಳೆ. ತುಣುಕು ಬೆಸೆಯಲು ಸಲಹೆಗಾರ ಹೊರಗಿನಿಂದ ಕರೆತಂದಿದ್ದ ಒಬ್ಬ ಮನುಷ್ಯ, ಅದರಲ್ಲಿ ಶನಿವಾರ ಮಧ್ಯಾಹ್ನ ಸೇರಿದ್ದನ್ನೆಲ್ಲ ಅಚ್ಚು ಹಾಕಿ ಕೊಟ್ಟು ಹೋಗಿದ್ದ. ‘ಓದಿ’ ಎಂದರು. ಅವರ ಕಣ್ಣು ಊದಿಕೊಂಡಿತ್ತು. ನನಗೆ ಪಾಪ ಎನ್ನಿಸಲಿಲ್ಲ, ಸುಳ್ಳು ಯಾಕೆ ಹೇಳಲಿ.

ಮೂರೂವರೆ ಹಾಳೆ ಬರೀ ಕೆಲಸದ ಮಾತು. ಯಾವ ಯಂತ್ರದ ಫ್ಯಾನು ಮುಂದಿನ ಸೆಕೆಗಾಲಕ್ಕೆ ಕೈ ಕೊಡುತ್ತದೆ. ಯಾವುದಕ್ಕೆ ಮೆಮೊರಿ ಹಾಕುವಾಗ ಪಟ್ಟಿಗಳನ್ನು ಜೋಡಿಯಾಗಿಯೇ ಕೊಳ್ಳಬೇಕು. ಕರೆಂಟು ಹೋದಾಗ ಹಿಡಿದು ನಿಲ್ಲಿಸುವ ಬ್ಯಾಟರಿಗಳಲ್ಲಿ ಯಾವುದು ಸತ್ತಿದೆ. ‘ಬಣ್ಣದ ಮೇಜಿಗೆ ಅಗ್ಗದ ಪರದೆ ತರಬೇಡಿ, ಅಣ್ಣ ಜಗಳ ಮಾಡ್ತಾರೆ, ಜಗಳದಲ್ಲಿ ಅವರದೇ ಸರಿ ಇರುತ್ತೆ.’ ‘ಪಂಜರದ ಎರಡು ಕೀಲಿಯನ್ನ ಒಂದೇ ಮನೆಯವರ ಕೈಗೆ ಕೊಡಬೇಡಿ.’ ‘ಡಿಸ್ಕಿಗೆ ಮೂರು ತೂತು. ಎರಡು ಸಾಲದು.’ ಪಾಸ್‌ವರ್ಡುಗಳು ಎಲ್ಲೆಲ್ಲಿ ಇವೆ ಎಂಬುದೂ ಇತ್ತು. ಬೈಗುಳ ಒಂದೂ ಇರಲಿಲ್ಲ. ಕೊನೆಯಲ್ಲಿ ಆರು ಸಾಲು.

‘ಕಳವಾದ ಐದು ಚಿತ್ರ ನಿಮ್ಮ ಹಳೆ ಲ್ಯಾಪ್‌ಟಾಪಿನಲ್ಲಿ ಹೋದವು. ಅದರ ಡಿಸ್ಕ್ ನನ್ನ ಡಬ್ಬಿಗೆ ಬಂದಿಲ್ಲ. ಎಲೆಯ ಹಸಿರು ನೋಡಿ, ಬಣ್ಣದ ಅಣ್ಣ ತೋರಿಸ್ತಾರೆ. ನಿಮಗೆ ನೋವಾಗುತ್ತೆ ಅಂತ ಸಹಿ ಆಗೋವರೆಗೂ ಹೇಳದೆ ಇಟ್ಕೊಂಡಿದ್ದೆ. ನಾನು ನಿಮ್ಮಿಂದ ಮುಚ್ಚಿಟ್ಟಿದ್ದು ಇದೊಂದೇ. ಕೇಳಿದ್ರೆ ಹೇಳ್ತಿದ್ದೆ.’

‘ಹಸಿರು ನಿಜವಾ?’ ಎಂದರು ಯಜಮಾನಿ.

ಬೆಡ್‌ಶೀಟು ತಂದು ಅವರ ಮೇಜಿನ ಮೇಲೆಯೇ ಹರಡಿ ತೋರಿಸಿದೆ. ಅವರು ಎಲೆಯ ಮೇಲೆ ಬೆರಳಿಟ್ಟು ತುಂಬ ಹೊತ್ತು ಕೂತರು. ಆಮೇಲೆ ಮೊದಲ ಹಾಳೆಯನ್ನು ನನ್ನ ಕಡೆ ತಳ್ಳಿ, ‘ಇದನ್ನ ನೋಡಿದ್ರಾ?’ ಎಂದರು. ನಾನು ಆತುರದಲ್ಲಿ ಮೊದಲ ಸಾಲನ್ನು ಬಿಟ್ಟು ಓದಿದ್ದೆ. ಆ ತುಣುಕು ಒತ್ತಿದ ಕೀಲಿಯನ್ನೆಲ್ಲ ಬರೆದುಕೊಳ್ಳುತ್ತದೆ, ಅಳಿಸುವ ಕೀಲಿಯನ್ನೂ ಬಿಡುವುದಿಲ್ಲ. ಪರದೆಯ ಮೇಲೆ ಅಳಿಸಿ ಹೋದದ್ದು ಅದರೊಳಗೆ ಅಳಿಯುವುದಿಲ್ಲ. ಇದು ಚುಕ್ಕಿಗೆ ಗೊತ್ತಿರಲಿಲ್ಲ ಎಂದು ನಾನು ಒಪ್ಪಲಾರೆ. ಮೊದಲ ಸಾಲಿನಲ್ಲಿ, ಇಂಗ್ಲಿಷಿನ ನಾಲ್ಕು ಅಕ್ಷರಗಳಲ್ಲಿ, ‘ಅಕ್ಕ’ ಎಂದಿತ್ತು. ಅದರ ಮುಂದೆ ಅಳಿಸುವ ಕೀಲಿಯ ಗುರುತು, ನಾಲ್ಕು ಸಲ. ಅದರ ಮುಂದೆ ‘ಮೇಡಂ’.

ಅವಳು ಹೇಳಿದ ಯಂತ್ರಗಳೇ ಬಂದವು, ಒಂದೂ ಬಿಡದೆ. ನನ್ನ ಪರದೆಯೂ ಬಂತು. ಸಲಹೆಗಾರ ಈಗ ಈ ಕಡೆ ತಲೆ ಹಾಕುವುದಿಲ್ಲ. ಯಜಮಾನಿ ಅವಳ ಮನೆಗೆ ಎರಡು ಸಲ ಹೋಗಿ ಬಂದರು. ಅವಳು ಕೂರಿಸಿ, ಚಹಾ ಕೊಟ್ಟು, ಆರೋಗ್ಯ ವಿಚಾರಿಸಿ ಕಳಿಸಿದಳಂತೆ. ಈಗ ಗಂಡನ ಬೀಗದ ಅಂಗಡಿಯಲ್ಲೇ ಒಂದು ಮೇಜು ಹಾಕಿಕೊಂಡು ಜನರ ಕಂಪ್ಯೂಟರ್ ರಿಪೇರಿ ಮಾಡುತ್ತಾಳೆ.

ಹೊಸ ಯಂತ್ರಗಳನ್ನೆಲ್ಲ ಜೋಡಿಸಿದ ದಿನ ಯಜಮಾನಿ ನನ್ನ ಮೇಜಿನ ಹತ್ತಿರ ಬಂದು ನಿಂತರು. ‘ನೀವೊಂದ್ಸಲ ಫೋನ್ ಮಾಡಿ. ನೀವು ಕರೆದ್ರೆ ಬಂದಾಳು. ಕೆಲಸಕ್ಕೆ ಬೇಡ, ಸ್ಕ್ರೂಗಳಿಗೆ ಚುಕ್ಕಿ ಇಟ್ಟು ಹೋಗ್ಲಿ ಸಾಕು’ ಎಂದರು. ಅವರ ಎದುರಿಗೇ ಫೋನ್ ಮಾಡಿದೆ. ಅತ್ತ ಕಡೆ ಅವಳ ಗಂಡ ಕೀಲಿ ಉಜ್ಜುವ ಸದ್ದು ಕೇಳುತ್ತಿತ್ತು.

‘ಹೊಸ ಯಂತ್ರ ಬಂದಿವೆ ಚುಕ್ಕಿ, ನಿನ್ನ ಪಟ್ಟಿಯದ್ದೇ’ ಎಂದೆ. ‘ಸ್ಕ್ರೂಗಳು ಬೋಳಾಗಿವೆ. ಯಾರು ಚುಕ್ಕಿ ಇಡೋದು ಅಂತ ಕೇಳ್ತಿದಾರೆ.’



‘ಸೀಸೆ ಮೇಡಂ ಹತ್ರಾನೇ ಇದೆಯಲ್ಲ ಅಣ್ಣ’ ಎಂದಳು.